ಗಡಿ ದಾಟುವ ರೋಗಿಗಳಿಗಾಗಿ ಮೆಡಿಕಲ್ ವಿದ್ಯಾರ್ಥಿಗಳ ತಯಾರಿ: ಹತ್ತು ದಿನದಲ್ಲಿ ಏನು ಕಲಿಸಬೇಕು?

ಪ್ರಶ್ನೆ — ಮಾಸ್‌ತೀರ

ಎಲ್ಲರಿಗೂ ನಮಸ್ಕಾರ. ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಮೂರೂ ಕೂಡುವ ಮಾಸ್–ರೈನ್ ಸೀಮೆಯ ವೈದ್ಯಕೀಯ ಶಿಕ್ಷಣದ ಬಗ್ಗೆ ಕೇಳುತ್ತಿದ್ದೇನೆ. ಮಾಸ್ಟ್ರಿಕ್ಟ್‌ನಿಂದ ಆಖೆನ್‌ಗೆ ಹೋಗಲಿ, ಲೀಜ್‌ಗೆ ಹೋಗಲಿ, ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಮನೆ ಒಂದು ದೇಶದಲ್ಲಿ, ಕೆಲಸ ಇನ್ನೊಂದರಲ್ಲಿ, ಬಿದ್ದು ಕಾಲು ಮುರಿದುಕೊಂಡದ್ದು ಮೂರನೆಯದರಲ್ಲಿ ಎನ್ನುವಂಥ ರೋಗಿಗಳು ಇಲ್ಲಿ ಅಪರೂಪವಲ್ಲ. ಪಠ್ಯದಲ್ಲಿ ಮಾತ್ರ ರೋಗಿ, ವೈದ್ಯ, ಔಷಧಿ ಅಂಗಡಿ, ವಿಮೆ ಎಲ್ಲವೂ ಒಂದೇ ದೇಶದೊಳಗೆ ಇರುತ್ತವೆ.

ನಾಲ್ಕನೇ ವರ್ಷದ 24 ವಿದ್ಯಾರ್ಥಿಗಳಿಗೆ ಹತ್ತು ದಿನಗಳ ಐಚ್ಛಿಕ ಮಾಡ್ಯೂಲ್ ಒಂದನ್ನು ರೂಪಿಸಬೇಕಾಗಿದೆ. ಅರ್ಧದಷ್ಟು ಜನ ಡಚ್ಚರು, ಉಳಿದವರು ಜರ್ಮನ್ ಮಾತಾಡುವವರು. ಈಗಿರುವ ಕರಡಿನಲ್ಲಿ ಮೊದಲ ನಾಲ್ಕು ದಿನ ಯುರೋಪಿಯನ್ ಒಕ್ಕೂಟದ ಆರೋಗ್ಯ ಕಾನೂನು, ಮೂರು ದಿನ ಭಾಷೆ, ಮೂರು ದಿನ ಗಡಿಯಾಚೆಯ ಆಸ್ಪತ್ರೆ ಭೇಟಿ. ಇದು ಸರಿಹೋಗುವುದಿಲ್ಲ ಎಂದು ಅನಿಸುತ್ತಿದೆ, ಆದರೆ ಏನನ್ನು ತೆಗೆದು ಏನನ್ನು ಹಾಕಬೇಕೆಂದು ಖಚಿತವಾಗಿ ತಿಳಿಯುತ್ತಿಲ್ಲ. ಕಾನೂನು ಎಷ್ಟು ಸಾಕು? ಭಾಷೆಗೆ ಮೂರು ದಿನ ಕೊಟ್ಟು ಪ್ರಯೋಜನವಿದೆಯೇ? ರೋಗಿಗೆ ನಿಜವಾಗಿ ತೊಂದರೆಯಾಗುವುದು ಎಲ್ಲಿ? ತಿಳಿದವರು ವಿವರವಾಗಿ ಬರೆಯಿರಿ.

---

ಉತ್ತರ 1 — ವಾರ್ಡ್‌ಪಾಠ

ಮಾಸ್‌ತೀರ ಅವರೇ, ನಿಮ್ಮ ಕರಡನ್ನು ತಲೆಕೆಳಗು ಮಾಡಿ ಎಂದೇ ಹೇಳುತ್ತೇನೆ. ಗಡಿಯಾಚೆಯ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಆಪರೇಷನ್ ಕೋಣೆಯಲ್ಲಿ ಅಲ್ಲ, ಒಂದು ಆಸ್ಪತ್ರೆ ರೋಗಿಯನ್ನು ಬಿಟ್ಟು ಇನ್ನೊಂದು ಕಡೆಯವರು ಕೈಗೆತ್ತಿಕೊಳ್ಳುವ ಆ ಎರಡು ಮೂರು ದಿನಗಳಲ್ಲಿ. ಅದಕ್ಕೆ ಡಿಸ್ಚಾರ್ಜ್ ಸಮ್ಮರಿಯನ್ನೇ (ರೋಗಿಯನ್ನು ಮನೆಗೆ ಕಳಿಸುವಾಗ ಆಸ್ಪತ್ರೆ ಬರೆದುಕೊಡುವ ಸಾರಾಂಶ) ಇಡೀ ಮಾಡ್ಯೂಲ್‌ನ ನಡುಗಂಬ ಮಾಡಿ. ಕಾನೂನು, ಭಾಷೆ, ಔಷಧಿ ಎಲ್ಲವೂ ಆ ಒಂದು ಕಾಗದಕ್ಕೆ ಬೇಕಾದಷ್ಟು ಬರಲಿ.

ಮೊದಲ ದಿನವೇ ಮಾಡಿಸಬಹುದಾದ ಅಭ್ಯಾಸ ಒಂದಿದೆ. ಕಲ್ಪಿತ ಕೇಸ್ ತೆಗೆದುಕೊಳ್ಳಿ: 68 ವರ್ಷದ ಡಚ್ ಮಹಿಳೆ, ಹೃದಯದ ಲಯ ತಪ್ಪುವ ತೊಂದರೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸೆನೊಕುಮರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಆಖೆನ್‌ನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಅಲ್ಲೇ ಆಪರೇಷನ್ ಆಗಿದೆ, ಆರನೇ ದಿನ ಮನೆಗೆ ಹೋಗುತ್ತಿದ್ದಾರೆ. ಒಂದು ಗುಂಪಿಗೆ ಪೂರ್ತಿ ಕೇಸ್ ಕಡತ ಕೊಟ್ಟು 40 ನಿಮಿಷದಲ್ಲಿ ಸಮ್ಮರಿ ಬರೆಸಿ. ಇನ್ನೊಂದು ಗುಂಪು ಆ ಸಮ್ಮರಿಯನ್ನಷ್ಟೇ ನೋಡಿ, ಬರೆದವರ ಜೊತೆ ಮಾತಾಡದೆ, ಮುಂದಿನ 24 ಗಂಟೆಯ ಆದೇಶಗಳನ್ನು ಬರೆಯಬೇಕು: ಯಾವ ಔಷಧಿ, ಎಷ್ಟು, ಯಾವಾಗ ರಕ್ತ ಪರೀಕ್ಷೆ, ಹೊಲಿಗೆ ಬಿಚ್ಚುವವರು ಯಾರು, ಕಾಲ ಮೇಲೆ ಎಷ್ಟು ಭಾರ ಹಾಕಬಹುದು. 'ಫೋನ್ ಮಾಡಿ ಕೇಳದೆ ಆಗುವುದಿಲ್ಲ' ಎನಿಸಿದ ಪ್ರತಿಯೊಂದನ್ನೂ ಕೆಂಪು ಶಾಯಿಯಲ್ಲಿ ಗುರುತು ಹಾಕಲಿ. ಆಮೇಲೆ ಗುಂಪುಗಳನ್ನು ಅದಲು ಬದಲು ಮಾಡಿ. ಕೆಂಪು ಗುರುತುಗಳೇ ಮುಂದಿನ ಒಂಬತ್ತು ದಿನಗಳ ಪಠ್ಯ.

ಸಾಮಾನ್ಯವಾಗಿ ಬಿಟ್ಟುಹೋಗುವವು ಇವು. ಇನ್ನೂ ಬರಬೇಕಿರುವ ಪರೀಕ್ಷಾ ಫಲಿತಾಂಶಗಳು (ಅವು ಬಂದಾಗ ಯಾರ ಕೈಗೆ ಹೋಗುತ್ತವೆ ಎಂಬುದೂ ಸೇರಿ). ಮೊದಲಿದ್ದ ಔಷಧಿಯನ್ನು ನಿಲ್ಲಿಸಿದ್ದು ಬೇಕೆಂದೇ ನಿಲ್ಲಿಸಿದ್ದೋ, ಮರೆತು ಬಿಟ್ಟದ್ದೋ ಎಂಬುದು. ಅಳವಡಿಸಿದ ಇಂಪ್ಲಾಂಟ್‌ನ ತಯಾರಕರು, ಮಾದರಿ, ಕ್ರಮಸಂಖ್ಯೆ. ಮಾಡದೇ ಬಿಟ್ಟ ಪರೀಕ್ಷೆಗಳು, ಅವನ್ನು ಬಿಟ್ಟ ಕಾರಣ. ರೋಗಿಗೂ ಮನೆಯವರಿಗೂ ಏನೇನು ಹೇಳಿದೆ ಎಂಬುದು. ಕೊನೆಯದನ್ನು ಯಾರೂ ಬರೆಯುವುದಿಲ್ಲ. ಕ್ಯಾನ್ಸರ್ ಅನುಮಾನದ ವಿಷಯ ರೋಗಿಗೆ ಗೊತ್ತಿದೆಯೋ ಇಲ್ಲವೋ ತಿಳಿಯದೆ ಆಚೆ ದೇಶದ ವೈದ್ಯ ಬಾಯಿ ತೆರೆಯುವಂತಾಗಬಾರದು.

ಸಮ್ಮರಿ ಯಾರ ಮೇಜಿಗೆ ಹೋಗುತ್ತದೆ ಎಂಬುದನ್ನೂ ಕಲಿಸಿ. ನೆದರ್ಲೆಂಡ್ಸ್‌ನಲ್ಲಿ ಕುಟುಂಬ ವೈದ್ಯರೇ ಬಾಗಿಲು. ಅವರ ಚೀಟಿ ಇಲ್ಲದೆ ತಜ್ಞರ ಹತ್ತಿರ ಹೋಗುವುದು ಸಾಮಾನ್ಯ ಕ್ರಮವಲ್ಲ, ಆದ್ದರಿಂದ ಕಾಗದ ಅವರಿಗೇ ತಲುಪಬೇಕು. ಜರ್ಮನಿ, ಬೆಲ್ಜಿಯಂಗಳಲ್ಲಿ ರೋಗಿ ನೇರವಾಗಿ ತಜ್ಞರ ಬಳಿಗೆ ಹೋಗಬಹುದು. 'ಮುಂದೆ ಆರ್ಥೋಪೆಡಿಕ್ ತಜ್ಞರನ್ನು ಕಾಣಲಿ' ಎಂದು ಆಖೆನ್‌ನಲ್ಲಿ ಬರೆದರೆ ಅಲ್ಲಿಗೆ ಅದು ಸಾಕು. ಅದೇ ಸಾಲು ಮಾಸ್ಟ್ರಿಕ್ಟ್‌ನ ರೋಗಿಗೆ ಕೆಲಸಕ್ಕೆ ಬರದು. ಇಂತಿಷ್ಟು ದಿನದೊಳಗೆ ತಜ್ಞರಿಗೆ ಕಳಿಸಿ ಎಂದು ಕುಟುಂಬ ವೈದ್ಯರನ್ನೇ ಉದ್ದೇಶಿಸಿ ಬರೆಯಬೇಕು.

ದೀರ್ಘ ಮಾದರಿ ಬೇಕಿದ್ದರೆ ಓಲ್ಡನ್‌ಬುರ್ಗ್ ಮತ್ತು ಗ್ರೋನಿಂಗನ್ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಯುರೋಪಿಯನ್ ಮೆಡಿಕಲ್ ಸ್ಕೂಲ್ ನೋಡಿ. 2012ರಲ್ಲಿ ಶುರುವಾದದ್ದು. ಓಲ್ಡನ್‌ಬುರ್ಗ್‌ನ ವಿದ್ಯಾರ್ಥಿಗಳು ಕನಿಷ್ಠ ಒಂದು ವರ್ಷ ಗಡಿಯಾಚೆ ಗ್ರೋನಿಂಗನ್‌ನಲ್ಲಿ ಓದುತ್ತಾರೆ. ಹತ್ತು ದಿನದಲ್ಲಿ ಅದನ್ನು ಮಾಡಲಾಗದು, ಆದರೆ ಭೇಟಿ ಕೊಟ್ಟು ಕೈಕುಲುಕಿ ಬರುವುದಕ್ಕಿಂತ ಒಂದೇ ವಾರ್ಡ್‌ನಲ್ಲಿ ಮೂರು ದಿನ ನಿಂತು ನಿಜವಾದ ಕೆಲಸ ಮಾಡುವುದು ಮೇಲು ಎಂಬ ಪಾಠ ಅಲ್ಲಿಂದಲೂ ಬರುತ್ತದೆ.

---

ಉತ್ತರ 2 — ಔಷಧಿಕಿಟಕಿ

ವಾರ್ಡ್‌ಪಾಠ ಅವರು ಆರಿಸಿದ ಅಸೆನೊಕುಮರಾಲ್ ಕೇಸ್ ಬಹಳ ಒಳ್ಳೆಯದು, ಅದನ್ನೇ ಹಿಡಿದು ಇಡೀ ಒಂದು ದಿನ ಔಷಧಿಗೆ ಕೊಡಿ. ಒಂದು ಗಂಟೆಯ ಉಪನ್ಯಾಸದಲ್ಲಿ ಇದು ಮುಗಿಯುವುದಿಲ್ಲ.

ಅಸೆನೊಕುಮರಾಲ್‌ನಂಥ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಿಟಮಿನ್ ಕೆ ವಿರೋಧಿ ಮಾತ್ರೆಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ. ನೆದರ್ಲೆಂಡ್ಸ್‌ನಲ್ಲಿ ಅಸೆನೊಕುಮರಾಲ್ ಮತ್ತು ಫೆನ್‌ಪ್ರೊಕುಮಾನ್, ಜರ್ಮನಿಯಲ್ಲಿ ಮುಖ್ಯವಾಗಿ ಫೆನ್‌ಪ್ರೊಕುಮಾನ್, ಬ್ರಿಟನ್ ಮತ್ತು ಸ್ವೀಡನ್‌ನಲ್ಲಿ ವಾರ್ಫರಿನ್, ಫ್ರಾನ್ಸ್‌ನಲ್ಲಿ ಬಹುಕಾಲ ಫ್ಲುಇಂಡಿಯೋನ್. ಕೆಲಸ ಒಂದೇ, ದೇಹದಲ್ಲಿ ಉಳಿಯುವ ಕಾಲ ಒಂದೇ ಅಲ್ಲ. ಅಸೆನೊಕುಮರಾಲ್‌ನ ಅರ್ಧಾಯು (ದೇಹದಲ್ಲಿ ಔಷಧಿ ಅರ್ಧಕ್ಕೆ ಇಳಿಯುವ ಕಾಲ) 8ರಿಂದ 11 ಗಂಟೆ, ವಾರ್ಫರಿನ್‌ನದು ಸುಮಾರು 40 ಗಂಟೆ, ಫೆನ್‌ಪ್ರೊಕುಮಾನ್‌ನದು ಸುಮಾರು ಆರು ದಿನ. ಫೆನ್‌ಪ್ರೊಕುಮಾನ್ ನಿಲ್ಲಿಸಿ ಎರಡೇ ದಿನಕ್ಕೆ, ಅಸೆನೊಕುಮರಾಲ್ ಎಂದು ಭಾವಿಸಿ ಆಪರೇಷನ್‌ಗೆ ಕರೆದೊಯ್ದರೆ ರಕ್ತಸ್ರಾವ ಖಂಡಿತ ಎಂದೇ ಎಣಿಸಬೇಕು. ತಿರುಗಾಮುರುಗಾ ಆದರೂ ಅಪಾಯವೇ: ಎರಡು ದಿನ ತಪ್ಪಿದ ಅಸೆನೊಕುಮರಾಲ್ ಅಂದರೆ ರೋಗಿಗೆ ರಕ್ಷಣೆಯೇ ಇಲ್ಲ. ಅಸೆನೊಕುಮರಾಲ್‌ನಲ್ಲಿ 1 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಎರಡೂ ಬಗೆಯ ಮಾತ್ರೆಗಳಿವೆ. 'ರಾತ್ರಿ ಎರಡು ಮಾತ್ರೆ' ಎಂದಷ್ಟೇ ಬರೆದ ಚೀಟಿ 2 ಮಿಲಿಗ್ರಾಂ ಆಗಬಹುದು, 8 ಆಗಬಹುದು. ಮಾತ್ರೆಯ ಎಣಿಕೆಯಲ್ಲಿ ಅಲ್ಲ, ಮಿಲಿಗ್ರಾಂನಲ್ಲೇ ಬರೆಯುವ ಅಭ್ಯಾಸ ಮಾಡಿಸಿ. ಜೊತೆಗೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯ ಕೊನೆಯ ಮೂರು ಫಲಿತಾಂಶ, ಅವುಗಳ ದಿನಾಂಕ, ಗುರಿ ವ್ಯಾಪ್ತಿ, ಮುಂದಿನ ಪರೀಕ್ಷೆ ಯಾವಾಗ ಎಂಬುದು. ನೆದರ್ಲೆಂಡ್ಸ್‌ನಲ್ಲಿ ಡೋಸ್ ನಿರ್ಧರಿಸುವುದು ಪ್ರತ್ಯೇಕ ಥ್ರಾಂಬೋಸಿಸ್ ಸೇವಾ ಕೇಂದ್ರ. ಡಿಸ್ಚಾರ್ಜ್ ಸುದ್ದಿ ಅದಕ್ಕೆ ಮುಟ್ಟದಿದ್ದರೆ ಅವರು ಹಳೆಯ ಲೆಕ್ಕದ ಮೇಲೇ ಮುಂದುವರಿಯುತ್ತಾರೆ.

ಇನ್ನೊಂದು ಔಷಧಿ ಮೆಟಾಮಿಜೋಲ್. ಜರ್ಮನಿ, ಸ್ಪೇನ್, ಪೋಲೆಂಡ್‌ಗಳಲ್ಲಿ ನೋವಿಗೂ ಜ್ವರಕ್ಕೂ ದಿನನಿತ್ಯ ಬಳಕೆಯಲ್ಲಿದೆ. ಬ್ರಿಟನ್, ಫ್ರಾನ್ಸ್, ಸ್ವೀಡನ್‌ಗಳ ಮಾರುಕಟ್ಟೆಯಲ್ಲಿ ಇಲ್ಲ. ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿಯುವ ಅಗ್ರಾನ್ಯುಲೋಸೈಟೋಸಿಸ್ ಅದರ ಅಪರೂಪದ ಆದರೆ ಮಾರಕ ಅಡ್ಡಪರಿಣಾಮ. ಜರ್ಮನಿಯಲ್ಲಿ ಆಪರೇಷನ್ ಆಗಿ ಬಂದ ರೋಗಿಗೆ ಜ್ವರ, ಗಂಟಲು ನೋವು, ಬಾಯಿಹುಣ್ಣು ಕಂಡರೆ ಆ ಔಷಧಿಯನ್ನೇ ಕಾಣದ ವೈದ್ಯ ವೈರಲ್ ಜ್ವರ ಎಂದು ಕಳಿಸಿಬಿಡುವ ಸಾಧ್ಯತೆ ದೊಡ್ಡದು. ತಕ್ಷಣ ಔಷಧಿ ನಿಲ್ಲಿಸಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಮೆಟಾಮಿಜೋಲ್ ಬರೆದ ಪ್ರತಿ ಸಮ್ಮರಿಯಲ್ಲೂ ಈ ಒಂದು ಸಾಲು ಇರಲಿ.

ಬ್ರಾಂಡ್ ಹೆಸರುಗಳನ್ನು ನಂಬಬೇಡಿ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಫ್ಲೋಮ್ಯಾಕ್ಸ್ ಎಂದರೆ ಬ್ರಿಟನ್‌ನಲ್ಲಿ ಪ್ರಾಸ್ಟೇಟ್ ತೊಂದರೆಯ ಟಾಮ್ಸುಲೋಸಿನ್, ಇಟಲಿಯಲ್ಲಿ ಮಾರ್ನಿಫ್ಲುಮೇಟ್ ಎಂಬ ಉರಿಯೂತದ ಔಷಧಿ.

ಈಗ ಚೀಟಿಯ ವಿಷಯ. ಯುರೋಪಿಯನ್ ಒಕ್ಕೂಟದ ಒಂದು ಸದಸ್ಯ ರಾಷ್ಟ್ರದ ಪ್ರಿಸ್ಕ್ರಿಪ್ಷನ್ ಇನ್ನೊಂದರಲ್ಲಿ ನಡೆಯಬೇಕಾದರೆ ಅದರಲ್ಲಿ ಏನೇನಿರಬೇಕು ಎಂಬುದನ್ನು 2012/52 ನಿರ್ದೇಶನ ಪಟ್ಟಿ ಮಾಡಿದೆ. ಅದನ್ನು ಬಾಯಿಪಾಠ ಮಾಡಿಸುವ ಬದಲು, ತಪ್ಪಿರುವ ಎಂಟು ಚೀಟಿ ಕೊಟ್ಟು ಹುಡುಕಿಸಿ. ರೋಗಿಯ ಪೂರ್ಣ ಹೆಸರು, ಮೊದಲ ಹೆಸರಿನ ಬದಲು ಬರೀ ಇನಿಷಿಯಲ್ ಆಗದು. ಜನ್ಮದಿನಾಂಕ. ಚೀಟಿಯ ದಿನಾಂಕ. ವೈದ್ಯರ ಪೂರ್ಣ ಹೆಸರು, ಅರ್ಹತೆ, ಕೆಲಸದ ವಿಳಾಸ ದೇಶದ ಹೆಸರಿನ ಸಮೇತ, ಇಮೇಲ್, ದೇಶದ ಕೋಡ್ ಇರುವ ಫೋನ್ ಅಥವಾ ಫ್ಯಾಕ್ಸ್, ಸಹಿ. ಔಷಧಿಯ ಸಾಮಾನ್ಯ ಹೆಸರು, ರೂಪ, ಪ್ರಬಲತೆ, ಪ್ರಮಾಣ, ಸೇವಿಸುವ ಕ್ರಮ. ಬ್ರಾಂಡ್ ಹೆಸರು ಬರೆಯಬೇಕಾದ್ದು ಜೈವಿಕ ಔಷಧಿಯಾದಾಗ, ಇಲ್ಲವೇ ವೈದ್ಯಕೀಯ ಕಾರಣವಿದ್ದಾಗ. ಎರಡನೆಯದಕ್ಕೆ ಆ ಕಾರಣವನ್ನು ಚುಟುಕಾಗಿ ಬರೆಯಬೇಕು. ಹೆಚ್ಚಾಗಿ ತಪ್ಪುವುದು ದೇಶದ ಕೋಡ್ ಮತ್ತು ಮೊದಲ ಹೆಸರು. ಅನುಮಾನ ಬಂದ ಫಾರ್ಮಸಿಸ್ಟ್‌ಗೆ ಫೋನ್ ಮಾಡಲು ದಾರಿ ಇಲ್ಲದಿದ್ದರೆ ರೋಗಿ ಬರಿಗೈಯಲ್ಲಿ ಹೋಗಬೇಕಾಗುತ್ತದೆ.

ಮಾರ್ಫಿನ್, ಫೆಂಟನಿಲ್ ಪ್ಯಾಚ್‌ನಂಥವಕ್ಕೆ ಈ ಸೌಲಭ್ಯ ಅನ್ವಯಿಸದು. ವಿಶೇಷ ಪ್ರಿಸ್ಕ್ರಿಪ್ಷನ್ ಬೇಕಾದ ಔಷಧಿಗಳು ಅದರ ಹೊರಗೆ. ಜರ್ಮನಿಯಲ್ಲಿ ಅವಕ್ಕೆ ತನ್ನದೇ ಅಧಿಕೃತ ನಮೂನೆ ಇದೆ. ನೋವಿನ ರೋಗಿಯನ್ನು ಶುಕ್ರವಾರ ಮಧ್ಯಾಹ್ನ ಗಡಿಯಾಚೆ ಕಳಿಸುವಾಗ ಸೋಮವಾರದವರೆಗಿನ ಔಷಧಿ ಕೈಯಲ್ಲಿದೆಯೇ ಎಂದು ನೋಡಲೇಬೇಕು. ಅಂಥ ಔಷಧಿ ಹೊತ್ತು ಷೆಂಗೆನ್ ದೇಶಗಳಲ್ಲಿ ಪ್ರಯಾಣಿಸಲು ಷೆಂಗೆನ್ ಪ್ರಮಾಣಪತ್ರ ಬೇಕು. ಒಂದೊಂದು ಔಷಧಿಗೂ ಒಂದೊಂದು, 30 ದಿನಗಳಿಗೆ ಮಾತ್ರ.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದಾದರೆ ವಾರದ ಹೆಸರನ್ನು ಪೂರ್ತಿ ಬರೆಯಿರಿ. ದಿನವೂ ತೆಗೆದುಕೊಂಡು ಸತ್ತವರಿದ್ದಾರೆ. ಈ ತಪ್ಪನ್ನು ತಡೆಯಲು ಯುರೋಪಿಯನ್ ಔಷಧಿ ಸಂಸ್ಥೆ 2019ರಲ್ಲಿ ಹೊಸ ಎಚ್ಚರಿಕೆ ಕ್ರಮಗಳನ್ನು ಸೂಚಿಸಿತು.

---

ಉತ್ತರ 3 — ವಿಮೆಕಡತ

ಕಾನೂನಿಗೆ ನಾಲ್ಕು ದಿನ ಬೇಡ, ಆದರೆ ಪೂರ್ತಿ ಬಿಡಲೂಬೇಡಿ. ಅರ್ಧ ದಿನ ಸಾಕು, ನಾಲ್ಕು ರೋಗಿಗಳನ್ನಿಟ್ಟು ಕಲಿಸಿ.

ಒಬ್ಬ ಡಚ್ ಪ್ರವಾಸಿ ಆಖೆನ್‌ನಲ್ಲಿ ಬೀಳುತ್ತಾನೆ. ಯುರೋಪಿಯನ್ ಆರೋಗ್ಯ ವಿಮಾ ಕಾರ್ಡ್ ಸಾಕು. ಅದು ತಾತ್ಕಾಲಿಕ ವಾಸದ ಅವಧಿಯಲ್ಲಿ ವೈದ್ಯಕೀಯವಾಗಿ ಅಗತ್ಯವಾದ, ಸಾರ್ವಜನಿಕ ವ್ಯವಸ್ಥೆಯ ಚಿಕಿತ್ಸೆಗೆ, ಅಲ್ಲಿಯವರಿಗೆ ಇರುವ ಷರತ್ತುಗಳಲ್ಲೇ. ಖಾಸಗಿ ಚಿಕಿತ್ಸೆಗಲ್ಲ, ಊರಿಗೆ ವಾಪಸ್ ಸಾಗಿಸುವ ಆಂಬ್ಯುಲೆನ್ಸ್‌ಗಲ್ಲ, ಚಿಕಿತ್ಸೆಗೆಂದೇ ಹೊರಟವನಿಗಲ್ಲ. ಕಾರ್ಡ್ ಮರೆತಿದ್ದರೆ ಅವನ ವಿಮಾ ಸಂಸ್ಥೆಯಿಂದ ತಾತ್ಕಾಲಿಕ ಬದಲಿ ಪ್ರಮಾಣಪತ್ರ ತರಿಸಬಹುದು. ಡಿಸ್ಚಾರ್ಜ್‌ಗೆ ಮುಂಚೆಯೇ ತರಿಸಿ.

ಎರಡನೆಯವಳಿಗೆ ಲೀಜ್‌ನಲ್ಲಿ ಸೊಂಟದ ಕೀಲು ಬದಲಿ ಮಾಡಿಸಿಕೊಳ್ಳಬೇಕಿದೆ. ಇಲ್ಲಿ ಎರಡು ದಾರಿ, ಗೊಂದಲವೆಲ್ಲ ಇಲ್ಲೇ. ಒಕ್ಕೂಟದ 883/2004 ನಿಯಮದ ದಾರಿಯಲ್ಲಿ ಹೊರಡುವ ಮೊದಲು ವಿಮಾ ಸಂಸ್ಥೆಯ ಅನುಮತಿಯಾದ ಎಸ್2 ಪತ್ರ ಬೇಕು. ಲೆಕ್ಕ ಎರಡು ದೇಶಗಳ ವಿಮಾ ಸಂಸ್ಥೆಗಳ ನಡುವೆ ಇತ್ಯರ್ಥವಾಗುತ್ತದೆ, ರೋಗಿ ಕಟ್ಟುವುದು ಅಲ್ಲಿನ ಪಾಲುಹಣ ಮಾತ್ರ. 2011/24 ನಿರ್ದೇಶನದ ದಾರಿಯಲ್ಲಿ ರೋಗಿ ಮೊದಲು ಪೂರ್ತಿ ಹಣ ಕಟ್ಟಿ ಆಮೇಲೆ ಕೇಳಬೇಕು. ಸಿಗುವುದು ತವರು ದೇಶದಲ್ಲಿ ಅದೇ ಚಿಕಿತ್ಸೆಗೆ ಇರುವ ದರದವರೆಗೆ. ಖಾಸಗಿ ಆಸ್ಪತ್ರೆಯೂ ಇದರಲ್ಲಿ ಬರುತ್ತದೆ. ಲೆಕ್ಕಕ್ಕೆ: ಬಿಲ್ 9,000 ಯುರೋ, ತವರು ದರ 6,500 ಎಂದಿಟ್ಟುಕೊಳ್ಳಿ. 2,500 ರೋಗಿಯ ಜೇಬಿನದು. ತವರು ದರ 10,000 ಇದ್ದರೂ 9,000ಕ್ಕಿಂತ ಹೆಚ್ಚು ಸಿಗದು. ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿ ಉಳಿಯುವ ಚಿಕಿತ್ಸೆಗೆ, ಅಥವಾ ಅತಿ ವಿಶೇಷವಾದ ದುಬಾರಿ ಉಪಕರಣ ಬೇಕಾದ ಚಿಕಿತ್ಸೆಗೆ, ಮುಂಗಡ ಅನುಮತಿ ಕೇಳಲು ದೇಶಗಳಿಗೆ ಅವಕಾಶವಿದೆ. ದೀರ್ಘಾವಧಿ ಆರೈಕೆ, ಅಂಗದಾನದ ಹಂಚಿಕೆ, ಸಾರ್ವಜನಿಕ ಲಸಿಕೆ ಕಾರ್ಯಕ್ರಮಗಳು ನಿರ್ದೇಶನದ ಹೊರಗೆ. ಪ್ರತಿ ದೇಶದಲ್ಲೂ ರಾಷ್ಟ್ರೀಯ ಸಂಪರ್ಕ ಕೇಂದ್ರ ಇರಬೇಕೆಂದು ಇದೇ ನಿರ್ದೇಶನ ಹೇಳುತ್ತದೆ, ರೋಗಿಯನ್ನು ಮೊದಲು ಅಲ್ಲಿಗೆ ಕಳಿಸಿ.

ಮೂರನೆಯವನು ಬೆಲ್ಜಿಯಂನಲ್ಲಿ ಮನೆ ಮಾಡಿ ಜರ್ಮನಿಯಲ್ಲಿ ದುಡಿಯುತ್ತಾನೆ. ಅವನ ವಿಮೆ ಜರ್ಮನಿಯದು. ಆ ವಿಮೆಯ ಹಕ್ಕನ್ನು ತೋರಿಸುವ ಎಸ್1 ಪತ್ರವನ್ನು ಬೆಲ್ಜಿಯಂನಲ್ಲಿ ನೋಂದಾಯಿಸಿಕೊಂಡರೆ ಎರಡೂ ಕಡೆ ಚಿಕಿತ್ಸೆ ಪಡೆಯಬಹುದು. ನಾಲ್ಕನೆಯವಳು ಹಾಗೆ ದುಡಿದು ನಿವೃತ್ತಳಾದವಳು, ಕೆಲಸದ ದೇಶದಲ್ಲಿ ಶುರುವಾಗಿದ್ದ ಚಿಕಿತ್ಸೆಯನ್ನು ಅಲ್ಲೇ ಮುಂದುವರಿಸಲು ಅವಳಿಗೆ ಎಸ್3 ಪತ್ರ.

ಇಷ್ಟರಲ್ಲಿ ವೈದ್ಯರ ಕೈಯಲ್ಲಿರುವುದು ಯಾವುದು? ಎಸ್2 ಅರ್ಜಿಯ ಜೊತೆ ಹೋಗುವ ವೈದ್ಯಕೀಯ ಪತ್ರ. ಆ ಚಿಕಿತ್ಸೆ ತವರಿನ ಸೌಲಭ್ಯಗಳಲ್ಲಿ ಇದ್ದು, ರೋಗಿಯ ಸ್ಥಿತಿಗೆ ಒಪ್ಪುವ ಕಾಲದೊಳಗೆ ಅಲ್ಲಿ ಸಿಗದಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ಬ್ರಿಟನ್‌ನ ವಾಟ್ಸ್ ಪ್ರಕರಣದಲ್ಲಿ, ಅದೂ ಸೊಂಟದ ಕೀಲಿನದೇ, ಯುರೋಪಿಯನ್ ನ್ಯಾಯಾಲಯ 2006ರಲ್ಲಿ ಹೇಳಿದ್ದು ಇದೇ: ಕಾಯುವ ಪಟ್ಟಿ ಇದೆ ಎಂಬುದಷ್ಟೇ ಕಾರಣವಾಗದು, ಆ ರೋಗಿಯ ನೋವು, ಸ್ಥಿತಿ, ರೋಗದ ಮುಂದಿನ ಗತಿ ನೋಡಬೇಕು. 'ಆದಷ್ಟು ಬೇಗ ಮಾಡಬೇಕು' ಎಂದು ಬರೆದ ಪತ್ರ ಅಧಿಕಾರಿಗೆ ಏನನ್ನೂ ಹೇಳುವುದಿಲ್ಲ. 'ಎಂಟು ವಾರ ಮೀರಿದರೆ ನಡೆಯುವ ಶಕ್ತಿ ಕಳೆದುಕೊಳ್ಳುವ ಸಂಭವ, ಈಗ ನಡೆಯುವ ದೂರ ಇಷ್ಟು, ರಾತ್ರಿ ನೋವಿಗೆ ಇಂಥ ಔಷಧಿ ಇಷ್ಟು' ಎಂದು ಬರೆದರೆ ಹೇಳುತ್ತದೆ. ವಿದ್ಯಾರ್ಥಿಗಳಿಂದ ಬರೆಸಬೇಕಾದ್ದು ಈ ಪತ್ರವನ್ನು.

'ಅಲ್ಲಿ ಮಾಡಿಸಿದ್ದೀರಿ, ಅಲ್ಲಿಗೇ ಹೋಗಿ' ಎಂಬ ಮಾತು ಯಾವ ಹೊರರೋಗಿ ವಿಭಾಗದಲ್ಲೂ ಕೇಳಬಾರದು. ಆಚೆ ಮಾಡಿಸಿದ ಚಿಕಿತ್ಸೆಯ ನಂತರದ ಆರೈಕೆ, ತವರಲ್ಲೇ ಮಾಡಿಸಿದ್ದರೆ ಹೇಗೋ ಹಾಗೆಯೇ ಸಿಗಬೇಕೆಂದು ನಿರ್ದೇಶನ ಸ್ಪಷ್ಟವಾಗಿ ಹೇಳಿದೆ. ದಾಖಲೆಯ ಪ್ರತಿ ಪಡೆಯುವುದೂ ರೋಗಿಯ ಹಕ್ಕು.

ಸ್ವಿಟ್ಜರ್ಲೆಂಡ್ ಬಂದರೆ ಎಚ್ಚರ: ಅಲ್ಲಿಗೆ 883/2004 ನಿಯಮ ಅನ್ವಯಿಸುತ್ತದೆ, 2011/24 ನಿರ್ದೇಶನ ಅನ್ವಯಿಸದು.

---

ಮಾಸ್‌ತೀರ

ಮೂವರಿಗೂ ತುಂಬಾ ಧನ್ಯವಾದಗಳು. ಕಾನೂನನ್ನು ಅರ್ಧ ದಿನಕ್ಕೆ ಇಳಿಸುತ್ತೇನೆ, ಔಷಧಿಗೆ ಒಂದು ದಿನ. ಎರಡು ವಿಷಯ ಉಳಿದಿವೆ. ಲ್ಯಾಬ್ ರಿಪೋರ್ಟ್‌ಗಳನ್ನು ಓದುವ ಬಗ್ಗೆ ಯಾರೂ ಹೇಳಲಿಲ್ಲ. ಇನ್ನು ವಾರ್ಡ್ ವಿನಿಮಯಕ್ಕೆ ವಿದ್ಯಾರ್ಥಿಗಳನ್ನು ಕಳಿಸುವಾಗ ಮುಂಚೆ ಏನೇನು ಮಾಡಿಸಿಕೊಳ್ಳಬೇಕು? ಕೊನೆಗೆ ಪರೀಕ್ಷೆ ಹೇಗಿರಬೇಕು? ಬಹುಆಯ್ಕೆ ಪ್ರಶ್ನೆಪತ್ರಿಕೆ ಸಾಕೆಂದು ಕೆಲವರ ಅಭಿಪ್ರಾಯ.

---

ಉತ್ತರ 4 — ಲ್ಯಾಬ್‌ಬೆಂಚ್

ಮೊದಲು ಹಿಮೋಗ್ಲೋಬಿನ್. ನೆದರ್ಲೆಂಡ್ಸ್‌ನಲ್ಲಿ ಲೀಟರಿಗೆ ಮಿಲಿಮೋಲ್, ಬೆಲ್ಜಿಯಂನಲ್ಲಿ ಮತ್ತು ಜರ್ಮನಿಯ ಬಹುಪಾಲು ಲ್ಯಾಬ್‌ಗಳಲ್ಲಿ ಡೆಸಿಲೀಟರಿಗೆ ಗ್ರಾಂ. ಡಚ್ ಅಂಕಿಯನ್ನು 1.61ರಿಂದ ಗುಣಿಸಿದರೆ ಜರ್ಮನ್ ಅಂಕಿ. 8.5 ಎಂಬ ಡಚ್ ಫಲಿತಾಂಶ 13.7 ಗ್ರಾಂ, ಆರೋಗ್ಯವಂತರದು. ಏಕಕ ನೋಡದ ಜರ್ಮನ್ ವಿದ್ಯಾರ್ಥಿಗೆ ಅದು ತೀವ್ರ ರಕ್ತಹೀನತೆ. ಹಿಮ್ಮುಖದ ತಪ್ಪು ಇನ್ನೂ ಕೆಟ್ಟದ್ದು: ಆಖೆನ್‌ನ 7.0 ಗ್ರಾಂ ನಿಜವಾಗಿ 4.3 ಮಿಲಿಮೋಲ್, ರಕ್ತ ಕೊಡುವ ಬಗ್ಗೆ ಯೋಚಿಸಬೇಕಾದ ಮಟ್ಟ. ಡಚ್ ಕಣ್ಣು ಅದನ್ನು 7.0 ಮಿಲಿಮೋಲ್ ಎಂದು ಓದಿದರೆ 11.3 ಗ್ರಾಂ, ಚಿಂತೆಯಿಲ್ಲ ಎಂದು ಮುಂದೆ ಹೋಗುತ್ತದೆ. ಎರಡೂ ಅಂಕಿಗಳು ನಂಬಬಹುದಾದ ವ್ಯಾಪ್ತಿಯಲ್ಲೇ ಇರುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕ್ರಿಯಾಟಿನಿನ್‌ನಲ್ಲಿ ಹಾಗಲ್ಲ. 1.0 ಮಿಲಿಗ್ರಾಂ ಎಂದರೆ 88 ಮೈಕ್ರೋಮೋಲ್, ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಸಮಯವನ್ನು ಹಿಮೋಗ್ಲೋಬಿನ್‌ಗೆ ಕೊಡಿ. ಗ್ಲೂಕೋಸ್ ಮಿಲಿಮೋಲ್ ಗುಣಿಸು 18, ಕ್ಯಾಲ್ಸಿಯಂ ಗುಣಿಸು 4. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 53 ಮಿಲಿಮೋಲ್ ಎಂದರೆ ಶೇಕಡ 7. ಹೃದಯಾಘಾತ ಪತ್ತೆಗೆ ಮಾಡಿಸುವ ಟ್ರೋಪೋನಿನ್ ಟಿ ಮತ್ತು ಐ ನಡುವೆ ಪರಿವರ್ತನೆಯೇ ಇಲ್ಲ. ಏರಿಕೆ ಇಳಿಕೆ ನೋಡಬೇಕಿದ್ದರೆ ಹೊಸ ಆಸ್ಪತ್ರೆಯಲ್ಲಿ ಮೊದಲಿನಿಂದ ಎರಡು ಸಲ ಮಾಡಿಸಬೇಕು. ರಕ್ತ ಹೆಪ್ಪುಗಟ್ಟಿದ ಸುಳಿವು ಹುಡುಕುವ ಡಿ-ಡೈಮರ್‌ನಲ್ಲಿ ಎರಡು ಬಗೆಯ ಏಕಕಗಳಿವೆ, ಒಂದು ಇನ್ನೊಂದರ ಸುಮಾರು ಎರಡರಷ್ಟು.

ದಶಮಾಂಶಕ್ಕೆ ಇಲ್ಲಿ ಅಲ್ಪವಿರಾಮ ಬಳಸುತ್ತಾರೆ. ಫ್ಯಾಕ್ಸ್‌ನಲ್ಲಿ ಅದು ಮಾಸಿದರೆ 2,5 ಎಂಬುದು 25 ಆಗುತ್ತದೆ.

ಸಂಕ್ಷೇಪಾಕ್ಷರಗಳನ್ನು ಬಿಡಿಸಿ ಬರೆಯಲಿ. ಜರ್ಮನ್ ಮತ್ತು ಡಚ್ ಟಿಪ್ಪಣಿಗಳಲ್ಲಿ ಆರ್‌ಆರ್ ಎಂದರೆ ರಕ್ತದೊತ್ತಡ, ಇಂಗ್ಲಿಷ್ ಓದಿದವರಿಗೆ ಅದು ಉಸಿರಾಟದ ವೇಗ. ಜರ್ಮನ್‌ನ ಎಚ್‌ಡಬ್ಲ್ಯೂಐ ಹೃದಯದ ಹಿಂಗೋಡೆಯ ಇನ್‌ಫಾರ್ಕ್ಷನ್ (ಹೃದಯಾಘಾತ) ಆಗಬಹುದು, ಮೂತ್ರನಾಳದ ಸೋಂಕೂ ಆಗಬಹುದು.

ಈಗ ಸೋಂಕು. ನೆದರ್ಲೆಂಡ್ಸ್ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾವನ್ನು ಹುಡುಕಿ ಅಳಿಸುವ ನೀತಿ ಅನುಸರಿಸುತ್ತದೆ. ಇತ್ತೀಚೆಗೆ ವಿದೇಶದ ಆಸ್ಪತ್ರೆಯಲ್ಲಿ ದಾಖಲಾಗಿದ್ದ ರೋಗಿಯನ್ನು ಫಲಿತಾಂಶ ಬರುವ ತನಕ ಪ್ರತ್ಯೇಕ ಕೋಣೆಯಲ್ಲಿ ಇಡುತ್ತಾರೆ. ಇದು ತಿಳಿಯದ ಕುಟುಂಬ ತಮ್ಮವರನ್ನು ದೂರ ಇಟ್ಟರೆಂದು ನೊಂದುಕೊಳ್ಳುತ್ತದೆ, ಆದ್ದರಿಂದ ಕಳಿಸುವ ಆಸ್ಪತ್ರೆಯೇ ಮುಂಚಿತವಾಗಿ ಹೇಳಬೇಕು. ಆಂಬ್ಯುಲೆನ್ಸ್ ಹೊರಡುವ ಮೊದಲೇ ಸ್ವೀಕರಿಸುವ ವಾರ್ಡ್‌ಗೆ ಫೋನ್ ಹೋಗಬೇಕು, ಇಲ್ಲವಾದರೆ ಕೋಣೆ ಖಾಲಿ ಇಲ್ಲದೆ ರೋಗಿ ತುರ್ತು ವಿಭಾಗದ ಕಾರಿಡಾರ್‌ನಲ್ಲಿ ಮಲಗಬೇಕಾಗುತ್ತದೆ. ಬಹುನಿರೋಧಕ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಜರ್ಮನಿ 3ಎಂಆರ್‌ಜಿಎನ್, 4ಎಂಆರ್‌ಜಿಎನ್ ಎಂಬ ವರ್ಗ ಬಳಸುತ್ತದೆ, ನಾಲ್ಕು ಆಂಟಿಬಯಾಟಿಕ್ ಗುಂಪುಗಳಲ್ಲಿ ಎಷ್ಟಕ್ಕೆ ಬಗ್ಗುವುದಿಲ್ಲ ಎಂಬ ಲೆಕ್ಕದಲ್ಲಿ. ಡಚ್ಚರ ಪಟ್ಟಿ ಬೇರೆ ರೀತಿಯಲ್ಲಿ ಕಟ್ಟಿದ್ದು, ಒಂದನ್ನು ಇನ್ನೊಂದಕ್ಕೆ ನೇರವಾಗಿ ಹೊಂದಿಸಲಾಗದು. ವರ್ಗದ ಹೆಸರನ್ನು ಮಾತ್ರ ಕಳಿಸಬೇಡಿ. ಬ್ಯಾಕ್ಟೀರಿಯಾದ ಹೆಸರು, ಎಲ್ಲಿಂದ ತೆಗೆದ ಮಾದರಿ, ದಿನಾಂಕ, ಪೂರ್ತಿ ಸಂವೇದನಾ ಪಟ್ಟಿ ಕಳಿಸಿ.

ವಿದ್ಯಾರ್ಥಿಗಳಿಗೂ ಇದೇ ನಿಯಮ ಮುಟ್ಟುತ್ತದೆ. ಜರ್ಮನ್ ವಾರ್ಡ್‌ನಲ್ಲಿ ಮೂರು ದಿನ ನಿಂತು ನೇರವಾಗಿ ಡಚ್ ವಾರ್ಡ್‌ಗೆ ಬಂದರೆ ಸ್ವ್ಯಾಬ್ ಫಲಿತಾಂಶ ಬರುವವರೆಗೆ ಒಳಗೆ ಬಿಡದೇ ಇರಬಹುದು. ಹೋಗುವ ಮುಂಚಿನ ಸ್ವ್ಯಾಬ್ ಇದಕ್ಕೆ ಆಗದು, ಸಂಪರ್ಕ ಆದ ನಂತರದ್ದೇ ಬೇಕು. ವೇಳಾಪಟ್ಟಿಯಲ್ಲಿ ವಾರ್ಡ್ ದಿನಗಳ ನಂತರ ಎರಡು ಮೂರು ದಿನ ತರಗತಿ ಕೆಲಸ ಇಡಿ. ಹೆಪಟೈಟಿಸ್ ಬಿ ಲಸಿಕೆಯ ಪ್ರತಿಕಾಯ ಫಲಿತಾಂಶ, ಹೊಣೆಗಾರಿಕೆ ವಿಮೆಯ ಪತ್ರ, ಮೇಲ್ವಿಚಾರಕರು ಯಾರೆಂಬ ಲಿಖಿತ ಒಪ್ಪಂದ ಇವನ್ನು ಮುಂಚೆಯೇ ಕಳಿಸಿ. ನಿಜವಾದ ರೋಗಿಯ ಕಾಗದಗಳನ್ನು ತರಗತಿಗೆ ತರಬೇಡಿ. ಹೆಸರು ಅಳಿಸಿದರೂ ಅಪರೂಪದ ರೋಗ, ವಯಸ್ಸು, ಊರು ಸೇರಿದರೆ ಗುರುತು ಸಿಗುತ್ತದೆ. 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ ಪ್ರಕಾರ ಆರೋಗ್ಯ ಮಾಹಿತಿ ವಿಶೇಷ ವರ್ಗದ್ದು.

---

ಉತ್ತರ 5 — ವಾರ್ಡ್‌ಪಾಠ

ಬಹುಆಯ್ಕೆ ಪತ್ರಿಕೆಯಲ್ಲಿ 1.61 ಎಂದು ಗುರುತು ಹಾಕುವ ವಿದ್ಯಾರ್ಥಿ ಫೋನಿನಲ್ಲಿ ತಡವರಿಸುತ್ತಾನೆ. ಪರೀಕ್ಷೆಗೆ ಜರ್ಮನಿಯ ವೈದ್ಯಕೀಯ ಭಾಷಾ ಪರೀಕ್ಷೆಯ ಚೌಕಟ್ಟನ್ನೇ ಎರವಲು ಪಡೆಯಿರಿ. ಹೊರಗಿನಿಂದ ಬರುವ ವೈದ್ಯರಿಗೆ ಅಲ್ಲಿ 20 ನಿಮಿಷ ರೋಗಿಯ ಜೊತೆ ಮಾತು, 20 ನಿಮಿಷ ಬರವಣಿಗೆ, 20 ನಿಮಿಷ ಇನ್ನೊಬ್ಬ ವೈದ್ಯರಿಗೆ ವರದಿ. ಇದಕ್ಕೆ ನಾಲ್ಕನೆಯದೊಂದು ಸೇರಿಸಿ: ಗಡಿಯಾಚೆಯ ವಿದ್ಯಾರ್ಥಿ ಆ ಬರವಣಿಗೆಯನ್ನು ಓದಿ ಆದೇಶ ಬರೆಯಲಿ. ಅಂಕ ಕೊಡಬೇಕಾದ್ದು ಆ ಆದೇಶಗಳು ಸರಿಯಾಗಿ ಬಂದವೇ ಎಂಬುದರ ಮೇಲೆ. ಔಷಧಿ ಡೋಸ್ ಒಂದು ತಪ್ಪಿದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಮತ್ತೆ ಬರೆಯಬೇಕು.

ಭಾಷೆಗೆ ಮೂರು ದಿನ ಕೊಟ್ಟರೆ ವ್ಯಾಕರಣ ಬರುವುದಿಲ್ಲ, ಅದನ್ನು ಬಿಟ್ಟುಬಿಡಿ. ಮಧ್ಯವರ್ತಿ ಭಾಷಾಂತರಕಾರರ ಜೊತೆ ಕೆಲಸ ಮಾಡುವುದನ್ನು ಕಲಿಸಿ: ಮುಖ ರೋಗಿಯ ಕಡೆ, ಒಮ್ಮೆಗೆ ಒಂದು ವಾಕ್ಯ, ಕೊನೆಗೆ ರೋಗಿಯ ಬಾಯಿಂದಲೇ ತಿರುಗಿ ಹೇಳಿಸುವುದು. ರೋಗಿಯ ಮಗುವನ್ನು ಭಾಷಾಂತರಕ್ಕೆ ನಿಲ್ಲಿಸಬಾರದು. ಆಖೆನ್‌ನ ಸಮ್ಮರಿ ಜರ್ಮನ್‌ನಲ್ಲೇ ಇರಲಿ, ಮೊದಲ ಅರ್ಧ ಪುಟ ಮಾತ್ರ ಸರಳ ಇಂಗ್ಲಿಷ್‌ನಲ್ಲಿ: ರೋಗನಿರ್ಣಯ, ಮಾಡಿದ್ದು, ಔಷಧಿ ಪಟ್ಟಿ, ಅಲರ್ಜಿ, ಮುಂದೆ ಯಾರು ಏನು ಯಾವಾಗ. ಪೂರ್ತಿ ಇಂಗ್ಲಿಷ್‌ನಲ್ಲಿ ಬರೆಸಿದರೆ ಸೂಕ್ಷ್ಮಗಳು ಬರೆಯುವವರಲ್ಲೇ ಉಳಿದುಬಿಡುತ್ತವೆ.

ಫೋನ್ ಹಸ್ತಾಂತರಕ್ಕೆ ಐಸ್‌ಬಾರ್ ಕ್ರಮ ಸಾಕು: ನಾನು ಯಾರು, ಈಗಿನ ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ತುರ್ತು ಸೇವೆಯ ಅಭ್ಯಾಸವಾದರೆ ಎದುರಿಗಿರುವವರು ಯಾರೆಂದು ಮೊದಲು ಕೇಳಬೇಕು. ಜರ್ಮನಿಯಲ್ಲಿ ಸ್ಥಳಕ್ಕೆ ತುರ್ತು ವೈದ್ಯರೇ ಬರುವುದುಂಟು, ಡಚ್ ಆಂಬ್ಯುಲೆನ್ಸ್ ನಡೆಸುವುದು ವಿಶೇಷ ತರಬೇತಿ ಪಡೆದ ನರ್ಸ್, ತಮ್ಮದೇ ರಾಷ್ಟ್ರೀಯ ಪ್ರೋಟೋಕಾಲ್‌ನ ಮೇಲೆ. ಅವರನ್ನು ಚಾಲಕರೆಂದು ಭಾವಿಸಿ ಮಾತಾಡಿದರೆ ಮುಖ್ಯ ಮಾಹಿತಿ ಅಲ್ಲೇ ನಿಲ್ಲುತ್ತದೆ.

ಫೋನಿನಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿಸಿ. ಡಚ್ ಮತ್ತು ಜರ್ಮನ್ ಎರಡರಲ್ಲೂ ಬಿಡಿ ಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ. ಲೀಜ್‌ನ ಫ್ರೆಂಚ್‌ನಲ್ಲಿ ಹಾಗಲ್ಲ. 85 ಅನ್ನು 58 ಎಂದು ಬರೆದುಕೊಳ್ಳುವುದು ಹೀಗೆಯೇ. 'ಎಂಟು, ಐದು, ಮಿಲಿಗ್ರಾಂ' ಎಂದು ಹೇಳಿ, ಕೇಳಿಸಿಕೊಂಡವರು ತಿರುಗಿ ಹೇಳಿದ ಮೇಲೆಯೇ ಮುಂದಿನ ಔಷಧಿಗೆ ಹೋಗಬೇಕು.